ಯಾರೂ ನೆಡದ ಹೂವು

ಪಡಸಾಲೆಯ ಬಾಗಿಲಿಗೆ ಬಂದ ಬೆಳಕಿನಲ್ಲಿ ಕೂತು ನಿಂಬವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಸುತ್ತ ಯಾರೂ ಇಲ್ಲದಾಗ ಮೊರವನ್ನು ಮುಖದ ಹತ್ತಿರಕ್ಕೆ ಎತ್ತಿಕೊಳ್ಳುತ್ತಿದ್ದಳು. ಆಗ ಹರಳು, ನೆಲ್ಲು, ಹುಳ ತಿಂದ ಕಾಳು ಎಲ್ಲ ಬೇರೆ ಬೇರೆಯಾಗಿ, ಒಂದೊಂದೂ ತನ್ನ ನೆರಳಿನ ಸಮೇತ ಕಾಣುತ್ತಿದ್ದವು. ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಿದ ಕೂಡಲೆ ಮೊರ ತೊಡೆಯ ಮೇಲೆ ಇಳಿಯುತ್ತಿತ್ತು. ಅಕ್ಕಿ ಬರಿಯ ಬಿಳಿ ಮಬ್ಬಾಗುತ್ತಿತ್ತು. ಬೆರಳುಗಳು ಮಾತ್ರ ಎಲ್ಲ ಕಾಣುತ್ತಿರುವಂತೆ ಅದರಲ್ಲಿ ಆಡುತ್ತಿದ್ದವು. ಈಗ ಬಂದದ್ದು ಅತ್ತೆ ಶಿವಬಸವ್ವ, ಬಲಗಾಲನ್ನು ಸ್ವಲ್ಪ ಎಳೆದು ಇಡುವ ಹೆಜ್ಜೆ. ಅದರ ಹಿಂದೆ ಕಾಲುಂಗುರ ನೆಲಕ್ಕೆ ತಾಗುವ ಸಪ್ಪಳ, ಅದು ಗಂಡನ ಅಕ್ಕ ರತ್ನವ್ವನದು. ಪಂಚಮಿಗೆಂದು ಮಗಳನ್ನು ಕರೆದುಕೊಂಡು ತವರಿಗೆ ಬಂದವಳು ಇನ್ನೂ ಹೋಗಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಮನೆಯವರನ್ನೆಲ್ಲ ನಿಂಬವ್ವ ಹೀಗೆಯೇ ಕಲಿತುಕೊಂಡಿದ್ದಳು. ಮಾವ ಮಡಿವಾಳಪ್ಪನೆಂದರೆ ಕೋಲಿನ ಸಪ್ಪಳ ಮತ್ತು ಒಣ ಕೆಮ್ಮು. ಗಂಡನೆಂದರೆ ಕರಕರ ಎನ್ನುವ ಚಪ್ಪಲಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಾಗ ಅವನು ಯಾರಾದರೂ ಆಗಿರಬಹುದಿತ್ತು. 

“ಬಾಯಿ ಬಿಟ್ಟಿಲ್ಲಲ್ಲ ಇನ್ನೂ?” ಎಂದಳು ಅತ್ತೆ.

ನಿಂಬವ್ವ ಇಲ್ಲವೆಂದು ತಲೆಯಾಡಿಸಿದಳು.

“ಅಕಿ ಬಾಯಿ ಯಾವಾಗ ಬಿಟ್ಟಾಳ ಬೇ ಯವ್ವಾ? ಮುಚಿಗೊಂಡ ಹುಟ್ಯಾಳ,” ಎಂದು ರತ್ನವ್ವ ನಕ್ಕಳು. “ಈ ನೇಮ ನನಗ ಹೇಳಿದ್ದಿ ಅಂದ್ರ ಸ್ಟೇಷನ್ ಮುಟ್ಟೂದ್ರಾಗ ಸತ್ತ ಹೋಗತಿದ್ದೆ.”

“ಅದಕ್ಕ ನಿನ್ನ ಆ ಮನಿಗೆ ಕೊಟ್ಟೀವಿ. ಅಲ್ಲೆ ಎಲ್ಲಾರೂ ಒಮ್ಮೆಲೆ ಮಾತಾಡ್ತಾರ, ಯಾರೂ ಕೇಳೂದಿಲ್ಲ.”

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಶ್ರಾವಣದ ಕಡೆಯ ಸೋಮವಾರ ದೇವರ ಜಗಲಿಯ ಮೇಲಿನ ಲಿಂಗಕ್ಕೆ ಯಾರೂ ನೆಡದ ಹೂವು ಏರಬೇಕು. ಹಿತ್ತಲದ್ದು, ಪೇಟೆಯದು ನಡೆಯುವುದಿಲ್ಲ. ಮನೆಗೆ ಹೊಸದಾಗಿ ಬಂದ ಸೊಸೆ ಮೊದಲ ಶ್ರಾವಣದಲ್ಲಿ ತಾನೇ ಗುಡ್ಡದ ಕಾಡಿಗೆ ಹೋಗಿ ಕಿತ್ತು ತರಬೇಕು. ಬೆಳಿಗ್ಗೆ ಮೈ ತೊಳೆದುಕೊಂಡಾಗಿನಿಂದ ಸಂಜೆ ಹೂವು ಏರಿಸುವ ತನಕ ಅವಳು ಒಂದು ಮಾತೂ ಆಡಕೂಡದು. ಆಡಿದರೆ ಹೂವು ಮೈಲಿಗೆ. ಆ ವರ್ಷ ಲಿಂಗಕ್ಕೆ ಬರಿಯ ಬಿಲ್ವಪತ್ರಿಯೇ ಗತಿ. ಇವತ್ತು ಆ ಸೋಮವಾರ. ಶಿವಬಸವ್ವನೂ ತಾನು ಹೊಸಬಳಾಗಿದ್ದಾಗ ಹೀಗೆ ಮಾಡಿದವಳು. ದಾರಿಯಲ್ಲಿ ಕಾಲಿಗೆ ಮುಳ್ಳು ಮುರಿದರೂ ಹಾ ಎನ್ನಲಿಲ್ಲವೆಂದು, ಆ ಕಾಲು ಈಗಲೂ ಎಳೆಯುವುದು ಅದಕ್ಕೇ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಮಾತಾಡದೆ ಇರುವುದಕ್ಕೆ ನಿಂಬವ್ವ ಹೆದರಿರಲಿಲ್ಲ. ಅವಳು ಹೆದರಿದ್ದು ಕಾಡಿಗೆ. ಮನೆಯಲ್ಲಿ ಎಲ್ಲಿ ಮೆಟ್ಟಿಲು, ಎಲ್ಲಿ ಕಂಬ, ಹಿತ್ತಲ ಬಾಗಿಲ ಚಿಲಕ ಎಷ್ಟು ಎತ್ತರ ಎಂದು ಕಾಲಿಗೂ ಕೈಗೂ ಗೊತ್ತಿತ್ತು. ಲಡಾಯಿ ಶುರುವಾಗಿ ಚಿಮಣಿ ಎಣ್ಣೆ ಸಿಗದಂತಾದ ಮೇಲೆ ಸಂಜೆಯಾದರೆ ಎಲ್ಲರೂ ತಡವರಿಸುತ್ತಿದ್ದರು. ಅದು ಅವಳಿಗೆ ಒಂದು ನಮೂನೆಯ ನೆಮ್ಮದಿಯೇ ಆಗಿತ್ತು. ಕಾಡಿನಲ್ಲಿ ಹಗಲು ಬೆಳಕು, ಎಲ್ಲರಿಗೂ ಎಲ್ಲವೂ ಕಾಣುವ ಜಾಗ.

ತವರಿನಿಂದ ಹೊರಡುವಾಗ ಅವ್ವ ಸೆರಗು ಸರಿಮಾಡುತ್ತ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು. “ತಲಿ ಎತ್ತಬ್ಯಾಡ. ತಲಿ ಎತ್ತಲಿಲ್ಲಂದ್ರ ಯಾರಿಗೂ ತಿಳಿಯೂದಿಲ್ಲ.” ಹಾಗೇ ಆಯಿತು. ಹೊಸ ಸೊಸೆ ನೆಲ ನೋಡಿ ನಡೆಯುತ್ತಾಳೆ, ಬೀದಿಯಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ, ಇಂಥ ಹುಡುಗಿ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಶಿವಬಸವ್ವ ಓಣಿಯವರ ಮುಂದೆ ಹೇಳಿಕೊಂಡಾಗಲೆಲ್ಲ ನಿಂಬವ್ವನ ಕಿವಿಗಳು ಬಿಸಿಯಾಗುತ್ತಿದ್ದವು. ಹೆಣ್ಣು ನೋಡಲು ಬಂದಾಗ ಅವಳು ಕಸೂತಿ ಹಾಕಿದ್ದ ಕುಬಸವನ್ನು ಅತ್ತೆ ತಿರುವಿ ತಿರುವಿ ನೋಡಿದ್ದಳು. ಹಿಂದೆ ಮುಂದೆ ಒಂದೇ ಥರ, ಒಂದು ಎಳೆಯೂ ತಪ್ಪಿರಲಿಲ್ಲ. “ಕಣ್ಣಂದ್ರ ಇವು ನೋಡ್ರಿ” ಎಂದಿದ್ದಳು. ಅಪ್ಪ ಆಗ ಎಲೆ ಅಡಿಕೆಯ ತಟ್ಟೆಯನ್ನು ಬೇಗ ಬೇಗ ಮುಂದೆ ನೂಕಿದ್ದ. ಸಾಲೆಯಲ್ಲಿ ಹಲಗೆಯ ಮೇಲೆ ಬರೆದದ್ದು ಕಾಣದೆ ಪಕ್ಕದ ಹುಡುಗಿಯ ಪಾಟಿ ನೋಡಿ ಬರೆದುಕೊಂಡು, ಅಕ್ಕೋರು ಅವಳನ್ನು ಕಳ್ಳಿ ಎಂದು ಬೆಂಚಿನ ಮೇಲೆ ನಿಲ್ಲಿಸಿದ ದಿನ ಅದೇ ಅಪ್ಪ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದ. ಕಣ್ಣಿನ ಡಾಕ್ಟರ ಭಾರವಾದ ಕಬ್ಬಿಣದ ಚೌಕಟ್ಟನ್ನು ಅವಳ ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಹಾಕುತ್ತ ಹೋದ. ಯಾವುದೋ ಒಂದು ಗಾಜಿಗೆ ಕಿಟಕಿಯ ಹೊರಗಿನ ಬೇವಿನ ಮರಕ್ಕೆ ಇದ್ದಕ್ಕಿದ್ದಂತೆ ಎಲೆಗಳು ಬಂದವು. ಅಲ್ಲಿಯ ತನಕ ಮರವೆಂದರೆ ಹಸಿರು ಹೊಗೆ ಎಂದೇ ಅವಳು ತಿಳಿದಿದ್ದಳು. ಎಲೆಗಳ ನಡುವೆ ಒಂದು ಕಾಗೆ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಅವಳು ಅಳತೊಡಗಿದಳು. ಡಾಕ್ಟರ ಚೌಕಟ್ಟು ತೆಗೆದುಬಿಟ್ಟ. ಮೆಟ್ಟಿಲು ಇಳಿಯುವಾಗ ಅಪ್ಪ, “ಹುಡಿಗಿ ಮಾರಿ ಮ್ಯಾಲೆ ಚಾಳೀಸ ಇಟ್ರ ಕೇಳಾಕ ಯಾರ ಬರ್ತಾರ? ಮುದುಕ್ಯಾರಂಗ. ಮದುವಿ ಆಗ್ಲಿ, ಆಮ್ಯಾಲೆ ನೋಡೂಣು” ಎಂದ. ಸಾಲೆ ಅಲ್ಲಿಗೆ ನಿಂತಿತು. ಮದುವೆಯಾಯಿತು. ಆಮೇಲೆ ಯಾರೂ ನೋಡಲಿಲ್ಲ.

ಧಾರವಾಡದಿಂದ ಮುಗದದ ತನಕ ರೈಲುಗಾಡಿಯಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ರತ್ನವ್ವನ ಮಗಳು ದಾಕ್ಷಿ ಅವಳ ತೊಡೆಯ ಮೇಲೆ ನಿಂತು ಹೊರಗಿನದನ್ನೆಲ್ಲ ಹೆಸರು ಹಿಡಿದು ಕೂಗುತ್ತಿತ್ತು. ಎಮ್ಮಿ, ಕೆರಿ, ಮುದುಕ, ಇನ್ನೊಂದು ಎಮ್ಮಿ. ಕೂಸಿನ ಕೂಗು ಕೇಳುತ್ತ ನಿಂಬವ್ವ ಆ ಹಸಿರು ಹೊಗೆಯೊಳಗೆ ಎಮ್ಮೆಗಳನ್ನೂ ಮುದುಕನನ್ನೂ ಇಡುತ್ತ ಹೋದಳು. ಎದುರಿಗೆ ಗಂಡ ಫಕೀರಪ್ಪ ಪೇಪರು ಹಿಡಿದಿದ್ದ. ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಉಣಕಲ್ಲಿನ ಕೆರೆಗೆ ಕರೆದುಕೊಂಡು ಹೋಗಿ, ನೋಡು ಎಷ್ಟೊಂದು ಹಕ್ಕಿ, ಎಂದು ಕೈ ತೋರಿಸಿದ್ದ. ನೀರು ಬೆಳ್ಳಗೆ ಹೊಳೆಯುತ್ತಿದ್ದ ಕಡೆ ಸ್ವಲ್ಪ ಹೊತ್ತು ನೋಡಿ ಅವಳು, ಛಲೋ ಅದಾವ್ರಿ, ಎಂದಿದ್ದಳು. ಅವನು, “ಹಾರಿ ಹೋಗಿ ಯಾವಾಗೋ ಆತು” ಎಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಅದರ ಮೇಲೆ ಅವನು ಅವಳಿಗೆ ಏನನ್ನೂ ತೋರಿಸಲಿಲ್ಲ. ತನ್ನ ಮಾತಿಗೆ ಹೂಂಗುಟ್ಟುವಳೇ ಹೊರತು ಇವಳಿಗೆ ಯಾವುದರಲ್ಲೂ ಆಸೆಯಿಲ್ಲ ಎಂದು ತಿಳಿದನೇ? ಈಗ ಪೇಪರಿನ ಹಿಂದಿನ ಮುಖ ಅವಳನ್ನೇ ನೋಡುತ್ತಿರಬಹುದು. ನೋಡುತ್ತಿಲ್ಲದಿರಬಹುದು. ಎರಡಕ್ಕೂ ಸರಿಹೋಗುವಂತೆ ಅವಳು ಮುಖವನ್ನು ಇಟ್ಟುಕೊಂಡಳು.

ಮುಗದದಿಂದ ಮುಂದೆ ಹುಸೇನಬಾಷಾನ ಚಕ್ಕಡಿ. ಮಾವನ ಹೊಲ ಮಾಡುವವನು ಅವನು. ಗುಡ್ಡದ ಬುಡಕ್ಕೆ ಚಕ್ಕಡಿ ನಿಲ್ಲಿಸಿ ಎಲ್ಲರೂ ಕಾಲುದಾರಿ ಹಿಡಿದರು. ಮಳೆ ಜಿನುಗಿ ನಿಂತಿತ್ತು. ಹುಲ್ಲು ಹೆಜ್ಜೆಯ ಸಪ್ಪಳವನ್ನೆಲ್ಲ ನುಂಗುತ್ತಿತ್ತು. ಎಲ್ಲೋ ಹಳ್ಳ ಹರಿಯುವ ಸದ್ದು ಉಳಿದದ್ದನ್ನೂ ಮುಚ್ಚುತ್ತಿತ್ತು. ಕೋಲು, ಕೆಮ್ಮು, ಚಪ್ಪಲಿ ಒಂದೂ ಕೇಳದೆ ನಿಂಬವ್ವನಿಗೆ ಕೈ ಬಿಟ್ಟಂತಾಯಿತು. ಮುಂದೆ ಹೋದ ಮಾವ ತಿರುಗಿ ಬಂದರೆ? ಹಿರಿಯರು ಎದುರು ಬಂದಾಗ ಸೊಸೆ ತಲೆಯ ಮೇಲೆ ಸೆರಗು ಎಳೆದು ದಾರಿ ಬಿಟ್ಟು ನಿಲ್ಲಬೇಕು. ಬಂದವರು ಹಿರಿಯರೋ ಅಲ್ಲವೋ ತಿಳಿಯದ ಅವಳು ಪಟ್ಟಣದಲ್ಲಿ ಎಲ್ಲರಿಗೂ ಹಾಗೇ ನಿಲ್ಲುತ್ತಿದ್ದಳು, ಹಾಲಿನವನಿಗೂ ನಿಂತಿದ್ದಳು. ದಾರಿಯ ತಿರುವಿನಲ್ಲಿ ಎತ್ತರಕ್ಕೆ, ತಲೆಯ ಮೇಲೆ ಬೆಳ್ಳಗೆ ರುಮಾಲು ಸುತ್ತಿದ ಹಾಗೆ ಒಂದು ಆಕಾರ ಕಂಡಿತು. ಅವಳು ಸೆರಗು ಎಳೆದುಕೊಂಡು ಮುಳ್ಳಿನ ಕಂಟಿಯ ಕಡೆ ಸರಿದು ತಲೆ ಬಗ್ಗಿಸಿ ನಿಂತಳು. ಆಕಾರ ಹತ್ತಿರ ಬರಲಿಲ್ಲ. ಹಿಂದಿನಿಂದ ರತ್ನವ್ವನ ನಗು ಕೇಳಿತು.

“ಯವ್ವಾ, ನೋಡ ಬಾ ಇಲ್ಲೆ! ನಿನ್ನ ಸೊಸಿ ಹುತ್ತಕ್ಕ ದಾರಿ ಬಿಟ್ಟ ನಿಂತಾಳ! ಹೋಗವಾ ತಂಗಿ, ಮಾವಾರು ನಿನಗ ಏನೂ ಅನ್ನೂದಿಲ್ಲ. ಮಣ್ಣಾಗಿ ಕುಂತಾರ.”

“ನಾಗಪ್ಪನ ಹುತ್ತಕ್ಕ ಕೈ ಮುಗಿದಾಳ, ತಪ್ಪೇನೈತಿ?” ಎಂದಳು ಅತ್ತೆ. ಆದರೆ ಅವಳ ದನಿಯಲ್ಲಿ ಸ್ವಲ್ಪ ತಡೆ ಇತ್ತು. ಹುತ್ತದ ತಲೆಯ ಮೇಲೆ ಬೆಳ್ಳಗಿದ್ದದ್ದು ಅಣಬೆ. ನಿಂಬವ್ವ ಲಗುಬಗೆಯಿಂದ ಹುತ್ತಕ್ಕೆ ಕೈ ಮುಗಿದಳು. ಆ ಸುಳ್ಳಿಗೆ ದೇವರೇ ಸಿಕ್ಕಿದ್ದನ್ನು ನೆನೆದು ಇನ್ನೊಮ್ಮೆ, ಈ ಸಲ ಖರೆಯಾಗಿ, ಕೈ ಮುಗಿದಳು.

ಮೇಲೆ ಬಂಡೆಗಳ ಹತ್ತಿರ ದೊಡ್ಡ ಮರದ ಬುಡದಲ್ಲಿ ಬುತ್ತಿ ಇಳಿಸಿದರು. ಗಂಡ ಮತ್ತು ಹುಸೇನಬಾಷಾ ಪತ್ರಿ ಹುಡುಕಲು ಆಚೆ ಹೋದರು. ಹೂವು ಕೀಳಲು ಹಳ್ಳದ ದಂಡೆಯೇ ಛಲೋ ಎಂದು ಅತ್ತೆ ಕೆಳಗೆ ಕೈ ತೋರಿಸಿದಳು. ಹೊರಟವಳ ಕೈಗೆ ರತ್ನವ್ವ ಮಗಳ ಕೈ ಕೊಟ್ಟಳು. “ಇಕಿ ಇಲ್ಲೆ ಇದ್ರ ಬುತ್ತಿ ಗಂಟು ಬಿಚ್ಚಾಕ ಬಿಡೂದಿಲ್ಲ. ಕರಕೊಂಡ ಹೋಗು. ಮಾತಾಡೂದೇನು ಬ್ಯಾಡ, ಬರೇ ಕಣ್ಣಿಟ್ಟಿರು.” ನಿಂಬವ್ವನ ಬೆರಳುಗಳು ಕೂಸಿನ ಕೈಯನ್ನು ಬಿಗಿಯಾಗಿ ಹಿಡಿದವು. ಇಲ್ಲವೆನ್ನಲು ಬಾಯಿ ಇರಲಿಲ್ಲ. ಇದ್ದಿದ್ದರೂ ಏನೆಂದು ಹೇಳುತ್ತಿದ್ದಳು? ಸೆರಗಿನ ತುದಿಯನ್ನು ಕೂಸಿನ ಸೊಂಟಕ್ಕೆ ಕಟ್ಟಿಕೊಳ್ಳಬೇಕೆನಿಸಿತು. ಮೇಲಿನಿಂದ ನೋಡುವವರು ಯಾಕೆಂದು ಕೇಳುತ್ತಾರೆ. ಕಟ್ಟಲಿಲ್ಲ.

ಹಳ್ಳದ ದಂಡೆಯಲ್ಲಿ ನೀರು ಜಿನುಗುವ ಕಪ್ಪು ಬಂಡೆ. ನಿಂತು ನೋಡಿದರೆ ಅದರ ಮೇಲೆ ಪಾಚಿಯಂಥ ಬಣ್ಣ ಬಿಟ್ಟು ಏನೂ ಇರಲಿಲ್ಲ. ಅವಳು ಮೊಣಕಾಲೂರಿ ಬಗ್ಗಿದಳು, ಇನ್ನೂ ಬಗ್ಗಿದಳು, ಮೂಗು ಒದ್ದೆ ಹುಲ್ಲಿಗೆ ತಾಗುವಷ್ಟು. ಆಗ ಅವು ಬಂದವು. ಎಳ್ಳಿನ ಕಾಳಿನಷ್ಟು ನೀಲಿ ಹೂವು, ಕೂದಲಿನಂಥ ದಂಟಿನ ಮೇಲೆ. ಅದರ ಕೆಳತುಟಿಯ ನಡುವೆ ಬಿಳಿಯ ಒಂದು ಚುಕ್ಕೆ, ಯಾರೋ ಕಸೂತಿಯ ಸೂಜಿಯಿಂದ ಒಂದೇ ಹೊಲಿಗೆ ಹಾಕಿ ದಾರ ಕತ್ತರಿಸಿದ ಹಾಗೆ. ಪಕ್ಕದಲ್ಲಿ ಗುಂಡುಸೂಜಿಯ ತಲೆಯಂಥ ಬಿಳಿ ಹೂವುಗಳು, ಸಾವಿರವೋ ಎಷ್ಟೋ. ಅವುಗಳ ನಡುವೆ ಕೆಂಪು ಕೂದಲಿನ ಒಂದು ಗಿಡ. ಪ್ರತಿ ಕೂದಲಿನ ತುದಿಗೂ ಒಂದು ಹನಿ. ಒಂದು ಹನಿಯಲ್ಲಿ ಸಣ್ಣ ಸೊಳ್ಳೆ ಸಿಕ್ಕಿಕೊಂಡು ಕಾಲಾಡಿಸುತ್ತಿತ್ತು. ಅವಳ ಉಸಿರಿಗೆ ಆ ಲೋಕವೆಲ್ಲ ಅಲುಗಿತು. ಒಂದು ಗೇಣಿನಷ್ಟು ಜಾಗ, ಆದರೆ ಅಲ್ಲಿ ಮಬ್ಬು ಎಂಬುದೇ ಇರಲಿಲ್ಲ. ಯಾರೂ ಬಿತ್ತಿಲ್ಲ, ಯಾರೂ ಕರೆದಿಲ್ಲ, ಯಾರಿಗೂ ಕಾಣುವುದಿಲ್ಲ, ಆದರೂ ಚುಕ್ಕೆ ಇಡುವುದನ್ನು ಮರೆತಿಲ್ಲ. ಅವಳು ಉಗುರಿನ ತುದಿಯಿಂದ ಒಂದೊಂದೇ ದಂಟು ಕಿತ್ತು ತೇಗದ ಎಲೆಯ ದೊನ್ನೆಯಲ್ಲಿ ಇಡತೊಡಗಿದಳು. ಎಡಗೈಯಲ್ಲಿ ದಾಕ್ಷಿಯ ಕೈ ಇತ್ತು. ಎರಡು ಕೈ ಬೇಕಾದಾಗ ಕೂಸಿನ ಕೈಯನ್ನು ತನ್ನ ಮೊಣಕಾಲಿನ ಮೇಲೆ ಇಟ್ಟಳು. ಕೈ ಅಲ್ಲೇ ಇತ್ತು. ಆಮೇಲೆ, ಬಹಳ ಹೊತ್ತೇನೂ ಆಗಿರಲಿಕ್ಕಿಲ್ಲ, ಅದು ಅಲ್ಲಿ ಇದೆ ಎಂದು ಅವಳು ತಿಳಿದಿದ್ದಳು ಅಷ್ಟೇ.

ಕೂಸು ಪಕ್ಕದಲ್ಲಿಲ್ಲವೆಂದು ಆಗ ಗೊತ್ತಾಯಿತು. ಕರೆಯಲು ಬಾಯಿ ತೆರೆದು ಮುಚ್ಚಿದಳು. ದೊನ್ನೆ ಆಗಲೇ ಅರ್ಧ ತುಂಬಿತ್ತು. ಒಂದು ಹೆಸರು ಹೊರಗೆ ಬಂದರೆ ಎಲ್ಲ ಕೆಟ್ಟಂತೆ, ಮುಳ್ಳು ಮುರಿದರೂ ಸುಮ್ಮನಿದ್ದ ಅತ್ತೆಯ ಮುಂದೆ ನಿಲ್ಲಬೇಕು. ಕೂಸು ಇಲ್ಲೇ ಹತ್ತಿರ ಇದ್ದು ತಾನು ಕಾಣದೆ ಕೂಗಿದಂತಾದರೆ ಅದಕ್ಕಿಂತ ಕೆಟ್ಟದು. ಎದ್ದು ನಿಂತು ಸುತ್ತ ನೋಡಿದಳು. ಹಿಂದೆ ಹಸಿರು. ಪಕ್ಕದಲ್ಲಿ ಹಸಿರು. ಮೇಲೆ ಮರದ ಬುಡದಲ್ಲಿ ಬಣ್ಣ ಬಣ್ಣದ ಸೀರೆಗಳ ಕಲೆ. ಅಲ್ಲೊಂದು ಸಣ್ಣ ಕಲೆ ಓಡಾಡಿದಂತಾಯಿತು. ತಾಯಿಯ ಹತ್ತಿರ ಹೋಗಿದೆ, ಹೋಗಿರಲೇಬೇಕು. ಹಳ್ಳದ ಆಚೆ ದಂಡೆಯ ಕಡೆಗೂ ಒಮ್ಮೆ ನೋಡಿದಳು. ಅಲ್ಲಿ ಪೊದೆಯ ಕೆಳಗೆ ಕೆಂಪಗೆ ಏನೋ ಗಾಳಿಗೆ ಅಲುಗುತ್ತಿತ್ತು. ಶ್ರಾವಣದಲ್ಲಿ ಗೌರಿ ಹೂವಿನ ಬಳ್ಳಿ ಹಾಗೆಯೇ ಬೆಂಕಿ ಹತ್ತಿದಂತೆ ಅರಳುತ್ತದೆ. ಎಲ್ಲರಿಗೂ ಕಾಣುವಂಥ ಹೂವು, ಅದನ್ನು ಯಾರಾದರೂ ಕೀಳಬಹುದು, ಎಂದುಕೊಂಡಳು. ಹಾಗೆ ಎಂದುಕೊಂಡಾಗ ಸ್ವಲ್ಪ ಜಂಬವೂ ಆಗಿತ್ತು. ಮತ್ತೆ ಬಗ್ಗಿದಳು.

ಆಮೇಲೆ ಮೇಲಿನಿಂದ ಚೀರಾಟ, ಕಲ್ಲು ಉರುಳುವ ಸದ್ದು. ಪಕ್ಕದಲ್ಲೇ ರತ್ನವ್ವ ಓಡಿ ಹೋದಳು. ನೀರಿಗೆ ಯಾರೋ ಬಿದ್ದಂತೆ, ಗಂಡನ ದನಿ ಕೂಗಿದಂತೆ, ಎಲ್ಲ ಒಮ್ಮೆಲೆ. ನಿಂಬವ್ವ ದೊನ್ನೆ ಹಿಡಿದುಕೊಂಡು ನಿಂತೇ ಇದ್ದಳು. ಗಂಡ ಆಚೆ ದಂಡೆಯಿಂದ ದಾಕ್ಷಿಯನ್ನು ಎತ್ತಿಕೊಂಡು, ಎದೆಯ ತನಕ ನೀರಲ್ಲಿ ನಡೆದು ಬಂದ. ಹತ್ತಿರ ಬಂದ ಮೇಲೆ ಕೂಸಿನ ಕೆಂಪು ಲಂಗ ಕಂಡಿತು.

ಯಾರೂ ಬುತ್ತಿ ಉಣ್ಣಲಿಲ್ಲ. ಚಕ್ಕಡಿಯಲ್ಲಿ ಎಲ್ಲರ ಮೊಣಕಾಲುಗಳೂ ಒಂದಕ್ಕೊಂದು ತಾಗುತ್ತಿದ್ದವು. ನಿಂಬವ್ವನ ಮೊಣಕಾಲಿನಿಂದ ಮಾತ್ರ ರತ್ನವ್ವ ತನ್ನದನ್ನು ಸರಿಸಿಕೊಂಡಳು. ಕಲ್ಲಿನಿಂದ ಕಲ್ಲಿಗೆ ದಾಟಿ ಆಚೆ ಹೋದ ಕೂಸು ತಿರುಗಿ ಬರಲು ಹೆದರಿ, ಅತ್ತು, ಎರಡೂ ಕೈ ಬೀಸಿ ಕರೆದಿತ್ತು. ನೀರಿನ ಸದ್ದಿಗೆ ಅಳು ಕೇಳಿರಲಿಲ್ಲ. ಕಡೆಗೆ ತಾನೇ ಕಾಲಿಟ್ಟು ಜಾರಿತ್ತು.

“ಮಾಮಿ ನನ್ನ ನೋಡಿದ್ಲು,” ಎಂದಿತು ದಾಕ್ಷಿ, ಬಿಕ್ಕುತ್ತ. “ನೋಡಿ ಮತ್ತ ಕುಂತ್ಲು.”

“ಸಣ್ಣ ಕೂಸು, ಏನರ ಅಂತೈತಿ,” ಎಂದಳು ಶಿವಬಸವ್ವ. “ಅಕಿ ತಲಿ ಎತ್ತಿ ನೋಡಾಕಿ ಅಲ್ಲ ಬಿಡ. ಹೂವಿನಾಗ ಮೈಮರತಾಳ.”

“ಎತ್ತಿದ್ಲು ಬೇ! ನಾ ಮ್ಯಾಲಿಂದ ನನ್ನ ಕಣ್ಣಾರೆ ನೋಡೀನಿ. ಎದ್ದು ನಿಂತ್ಲು, ನೆಟ್ಟಗ ಕೂಸಿನ ಕಡೆ ನೋಡಿದ್ಲು. ಅಲ್ಲೆ ಕೂಸು ಇದ್ದದ್ದು ಮರದ ಬುಡಕಿದ್ದ ನನಗ ಕಾಣತೈತಿ, ದಂಡ್ಯಾಗಿದ್ದಾಕಿಗೆ ಕಾಣೂದಿಲ್ಲ? ಹೋಗಿ ಕರಕೊಂಡ ಬರತಾಳ ಅಂತ ನಾ ಕುಂತೆ, ಇಕಿ ನೋಡಿ ಮಾರಿ ತಿರಿವಿದ್ಲು. ನನ್ನ ಕೂಸಿನ ಮ್ಯಾಲೆ ಏನ ಸಿಟ್ಟೈತಿ ಇಕಿಗೆ? ನಾ ಹುತ್ತದ ಮಾತಾಡಿ ನಕ್ಕೆ ಅಂತ ಸಿಟ್ಟ?”

ಅತ್ತೆ ಸೆರಗಿನಿಂದ ಕೂಸಿನ ತಲೆ ಒರೆಸತೊಡಗಿದಳು.  ಮಾವ ಒಮ್ಮೆ ಕೆಮ್ಮಿ, “ಅವರಪ್ಪಗ ಹೇಳಿ ಕಳಸೂಣು. ಒಂದೆರಡ ತಿಂಗಳ ಕರಕೊಂಡ ಹೋಗ್ಲಿ. ಆಮ್ಯಾಲಿಂದು ಆಮ್ಯಾಲೆ” ಎಂದ.  ಒಂದೆರಡು ತಿಂಗಳಿಗೆಂದು ತವರಿಗೆ ಹೋಗಿ ಮರಳಿ ಕರೆ ಬಾರದ ಹೆಂಗಸರು ನಿಂಬವ್ವನ ಊರಿನಲ್ಲೂ ಇದ್ದರು. ನೀರಿಗೆ ಬಂದಾಗ ಯಾರೂ ಅವರ ಕೊಡವನ್ನು ಎತ್ತಿಕೊಡುತ್ತಿರಲಿಲ್ಲ.

“ನೀ ನೋಡಿದ್ಯೋ ಇಲ್ಲೋ?”

ಅದು ಗಂಡನ ದನಿ. ಚಕ್ಕಡಿಯ ಮುಂದಿನ ಮೂಲೆಯಿಂದ ಬಂತು. ಸಿಟ್ಟು ಇರಲಿಲ್ಲ ಅದರಲ್ಲಿ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ಮಾತ ಬ್ಯಾಡ. ನೇಮ ಇರಲಿ. ಬರೇ ತಲಿ ಆಡಸು. ನೋಡಿದ್ಯೋ, ಇಲ್ಲೋ?”

ನೋಡಿದ್ದಳು. ಅದು ಖರೆ. ಅತ್ತ ಕಡೆಗೇ ಕಣ್ಣು ತಿರುಗಿಸಿ, ಆ ಕೆಂಪನ್ನು ನೋಡಿ, ಅದು ಅಲುಗಿದ್ದನ್ನೂ ನೋಡಿದ್ದಳು. ಹೌದೆಂದು ತಲೆಯಾಡಿಸಿದರೆ ಸುಳ್ಳಲ್ಲ. ಆದರೆ ಅವಳು ಕೂಸನ್ನು ನೀರಿಗೆ ಬಿಟ್ಟವಳಾಗುತ್ತಾಳೆ, ಸಾಯುವ ತನಕ. ಇಲ್ಲವೆಂದರೆ ರತ್ನವ್ವ ಕಣ್ಣಾರೆ ಕಂಡದ್ದನ್ನು ಸುಳ್ಳು ಮಾಡಿದಂತೆ. ಕಳ್ಳಿ ಎಂದು ಮತ್ತೊಮ್ಮೆ ಬೆಂಚು ಹತ್ತಬೇಕು. ಎರಡೂ ಅಲ್ಲದ ಒಂದು ತಲೆಯಾಡಿಸುವಿಕೆ ಎಲ್ಲೂ ಇರಲಿಲ್ಲ. ಸಂಜೆಯ ತನಕ ಕಾಯಬಹುದು, ಹೂವು ಏರಲಿ, ಆಮೇಲೆ ಹೇಳಬಹುದು. ಆದರೆ ಆಮೇಲೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಪ್ಪನೂ ಆಮೇಲೆ ಎಂದಿದ್ದ. ಹೇಳಿದರೆ ಅಪ್ಪ ಮೋಸಗಾರ, ಅವ್ವ ಮೋಸಗಾತಿ, ತಲೆ ತಗ್ಗಿಸಿ ನಡೆದ ಮರ್ಯಾದೆಯೆಲ್ಲ ಬರಿಯ ಕುರುಡು; ಓಣಿಯವರ ಮುಂದೆ ಅತ್ತೆ ಹೇಗೆ ಮುಖ ತೋರಿಸುತ್ತಾಳೆ? ಕೂಸು ಇನ್ನೂ ಸಣ್ಣಗೆ ನಡುಗುತ್ತಿತ್ತು. ಹಲಗೆಯ ಮೂಲಕ ಆ ನಡುಕ ಅವಳಿಗೂ ಬರುತ್ತಿತ್ತು. ನಾಳೆಯೂ ಯಾರಾದರೂ ಅವಳ ಕೈಗೆ ಒಂದು ಕೂಸನ್ನು ಕೊಟ್ಟು, ಕಣ್ಣಿಟ್ಟಿರು, ಎನ್ನಬಹುದು. ಎಂದಾದರೂ ಅದು ಅವಳದೇ ಕೂಸಾಗಿರಬಹುದು.

ಅವಳು ತಲೆ ಎತ್ತಿದಳು. ಗಂಡನ ದನಿ ಬಂದ ಕಡೆಗೆ ನೋಡಿದಳು. ಅಲ್ಲಿ ಮುಖವಿರಬೇಕಾದ ಕಡೆ ಕಂದು ಬಣ್ಣದ ಒಂದು ಮಬ್ಬು, ಅದರ ಮೇಲೆ ಕಪ್ಪು ಟೊಪ್ಪಿಗೆ.

“ನನಗ ದೂರದ್ದು ಕಾಣೂದಿಲ್ರಿ,” ಎಂದಳು. ಬೆಳಿಗ್ಗೆಯಿಂದ ಆಡದ ದನಿ ಒಡೆದು ಬಂತು. “ಸಾಲಿಗೆ ಹೋಗೂ ಮುಂದಿಂದ ಕಾಣೂದಿಲ್ಲ. ಅಪ್ಪಗ ಗೊತ್ತೈತಿ. ಕೂಸು ಅಂತ ನನಗ ತಿಳೀಲಿಲ್ಲ, ಹೂವು ಅಂತ ತಿಳಕೊಂಡ್ನಿ.”

ಗಾಲಿ ಒಂದು ಕಲ್ಲು ಹತ್ತಿ ಇಳಿಯಿತು. ಯಾರಾದರೂ ಕೆಮ್ಮಿದ್ದರೆ, ಬಳೆ ಸದ್ದು ಮಾಡಿದ್ದರೆ, ಒಂದು ಉಸಿರನ್ನಾದರೂ ಜೋರಾಗಿ ಬಿಟ್ಟಿದ್ದರೆ, ಅದರಿಂದ ಅವಳು ಎಷ್ಟನ್ನೋ ತಿಳಿದುಕೊಳ್ಳುತ್ತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿರಬೇಕು. ಅವಳು ಎದುರಿನ ಮಬ್ಬುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಟೊಪ್ಪಿಗೆ ಇದ್ದ ಕಡೆಗೇ ಮತ್ತೆ ತಿರುಗಿದಳು.

“ನನಗೊಂದು ಚಾಳೀಸ ಕೊಡಸ್ರಿ,” ಎಂದಳು.